ಅರ್ಧ ವರದಿ, ಅರ್ಧ ಚಿಕಿತ್ಸೆ

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಹೆಣ್ಣುಮಗಳ ಎದೆಯ ಗಂಟಿಗೆ ‘ಕ್ಯಾನ್ಸರ್’ ಎಂದು ಹೆಸರಿಟ್ಟರೆ ಆಸ್ಪತ್ರೆಯ ಕೆಲಸ ಮುಗಿಯಿತೇ? ಅದು ಯಾವ ಬಗೆಯದು, ಕಂಕುಳಿನ ಗ್ರಂಥಿಗಳಿಗೆ ಹಬ್ಬಿದೆಯೇ, ಯಾವ ಔಷಧಕ್ಕೆ ಬಗ್ಗುತ್ತದೆ? ಇದನ್ನು ತಿಳಿಯದೆ ಕೊಟ್ಟ ಮದ್ದು ಕತ್ತಲಲ್ಲಿ ಎಸೆದ ಕಲ್ಲು.

ಇದನ್ನು ತಿಳಿಸುವುದು ಬಣ್ಣ. ಗಂಟಿನ ಚೂರನ್ನು ಫಾರ್ಮಾಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂಡಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲೆ ಬಣ್ಣ ಹಾಕುತ್ತಾರೆ. ಹೆಮಟಾಕ್ಸಿಲಿನ್ ಎಂಬ ಮರದ ಬಣ್ಣ ಜೀವಕೋಶದ ನಡುಬೀಜವನ್ನು ನೀಲಿ ಮಾಡುತ್ತದೆ. ಇಯೋಸಿನ್ ಸುತ್ತಲಿನದನ್ನು ಗುಲಾಬಿ ಮಾಡುತ್ತದೆ. ಕೋಶಗಳು ಎಷ್ಟು ಕೆಟ್ಟಿವೆ, ಎಷ್ಟು ಗ್ರಂಥಿಗಳಿಗೆ ರೋಗ ತಗುಲಿದೆ ಎಂಬುದು ಇದರಿಂದ ಕಾಣುತ್ತದೆ. ಆಮೇಲಿನದು ಇಮ್ಯುನೊ ಪರೀಕ್ಷೆ. ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳನ್ನು ಹಿಡಿಯುವ ಗ್ರಾಹಕಗಳಾಗಲಿ, ಹರ್-2 ಎಂಬ ಪ್ರೋಟೀನಾಗಲಿ ಇದ್ದಲ್ಲಿ ಕಂದು ಬಣ್ಣ ಏಳುತ್ತದೆ. ಹರ್-2ಕ್ಕೆ 3 ಅಂಕ ಬಂದರೆ ಟ್ರಾಸ್ಟುಜುಮಾಬ್ ಎಂಬ ಔಷಧ ಕೆಲಸ ಮಾಡಬಲ್ಲದು. 2 ಬಂದರೆ ಇನ್ನೊಂದು ಪರೀಕ್ಷೆ ಬೇಕು.

“ಹತ್ತಿ ಬಿಡಿಸುವವಳಿಗೆ ಇಷ್ಟೆಲ್ಲ ಯಾಕೆ? ಇದು ದೊಡ್ಡ ಊರಿನವರ ಭೋಗ” ಎನ್ನುವ ಮಹನೀಯರಿದ್ದಾರೆ. ಅವರ ಲೆಕ್ಕವೇ ತಪ್ಪು. ಈಸ್ಟ್ರೋಜೆನ್ ಗ್ರಾಹಕ ಇದ್ದವಳು ಟ್ಯಾಮಾಕ್ಸಿಫೆನ್ ಗುಳಿಗೆಯನ್ನು 5 ವರ್ಷ ನುಂಗಿದರೆ ಈ ರೋಗದಿಂದ ಸಾಯುವ ಸಂಭವ ಸುಮಾರು ಮೂರರಲ್ಲಿ ಒಂದು ಪಾಲು ತಗ್ಗುತ್ತದೆ. ಅದು ಹಳೆಯ ಔಷಧ, ಅಗ್ಗದ ಔಷಧ. ಗ್ರಾಹಕ ಇಲ್ಲದವಳಿಗೆ ಅದರಿಂದ ಪ್ರಯೋಜನವಿಲ್ಲ. ದುಬಾರಿ ಔಷಧ ಕೊಳ್ಳಲಾರದ ಬಡವಳಿಗೇ ಈ ಬಣ್ಣ ಎಲ್ಲರಿಗಿಂತ ಹೆಚ್ಚು ಬೇಕು!

ಯಂತ್ರಗಳೆಲ್ಲ ಇಲ್ಲಿಗೇ ಬರಲಿ ಎಂದು ನಾವು ಹಟ ಹಿಡಿದಿಲ್ಲ. 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆ ಸುಮಾರು 500 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿದೆ. ಅದರ ಒಂದು ಕೇಂದ್ರ ಹತ್ತಿರದ ಕಲಬುರಗಿಯಲ್ಲಿದೆ. ಕೂಲಿ ಬಿಟ್ಟು ನಾಲ್ಕು ಸಲ ಓಡಾಡಲು ಗುಳೆ ಹೋಗುವ ಮನೆಯ ಹೆಂಗಸಿಗೆ ಆಗದು. ಸೀಸೆಯೊಳಗಿನ ಚೂರು ಹೋಗಬಲ್ಲದು. ಆದರೆ ತೆಗೆದ ಒಂದು ತಾಸಿನೊಳಗೆ ಅದು ಸಾಕಷ್ಟು ಫಾರ್ಮಾಲಿನ್‌ನಲ್ಲಿ ಮುಳುಗಬೇಕು. 6 ತಾಸಿಗೆ ಕಡಿಮೆಯಾಗದಂತೆ, 72 ತಾಸು ಮೀರದಂತೆ ಅದರಲ್ಲಿರಬೇಕು. ತಡವಾದರೆ ಇದ್ದ ಗ್ರಾಹಕವೂ ‘ಇಲ್ಲ’ ಎಂದು ವರದಿ ಬರಬಹುದು. ಯಾರದೋ ಅಲಕ್ಷ್ಯಕ್ಕೆ ಆ ತಾಯಿ ಅಗ್ಗದ ಗುಳಿಗೆಯನ್ನೂ ಕಳೆದುಕೊಳ್ಳಬೇಕೇ?

ಆದುದರಿಂದ ನಾವು ಕೇಳುವುದಿಷ್ಟೆ: ಮೂರೂ ಊರಿನ ಸರಕಾರಿ ಆಸ್ಪತ್ರೆಗಳಲ್ಲಿ ಫಾರ್ಮಾಲಿನ್ ಸೀಸೆಗಳು ಸದಾ ಇರಲಿ, ಚೂರು ತೆಗೆದ ವೇಳೆಯನ್ನು ಅವುಗಳ ಮೇಲೆ ಬರೆಯಲಿ, ಸರಕಾರಿ ವಾಹನ ಅವನ್ನು ಒಯ್ಯಲಿ, ಎರಡೂ ಬಣ್ಣದ ಪರೀಕ್ಷೆ ಬಿಟ್ಟಿಯಾಗಿ ನಡೆದು ವರದಿ ಕನ್ನಡದಲ್ಲಿ ಊರಿಗೆ ಬರಲಿ. 2013ರಲ್ಲಿ ಜಾರಿಗೆ ಬಂದ 371ಜೆ ವಿಧಿಯ ಹೆಸರಿನಲ್ಲಿ ಈ ಸೀಮೆಗೆ ಕೋಟಿಗಟ್ಟಲೆ ಹಣ ಬರುತ್ತಿದೆ. ಅದರಲ್ಲಿ ಒಂದು ಸೀಸೆಗೆ ಜಾಗವಿಲ್ಲವೇ?

ಸುರಪುರದ ಚಿತ್ರಗಾರರನ್ನು ಕಂಡ ನಾಡಿಗೆ ಬಣ್ಣದ ಬೆಲೆ ಗೊತ್ತು. ಅಧಿಕಾರಸ್ಥರೂ ಅದನ್ನು ಕಲಿಯಲಿ.