ಚೊಂಗೆ ಬಿದತ್ ಅಂತ, ಗಾಡಿ ಅಲ್ಲಂತ!

ಈ ಮೊಹರಮ್ಮಿಗೆ ಮಗಳ ಮನಿಗೆ ಕಳಿಸಿದ್ದ ಚೊಂಗೆ ಡಬ್ಬಿ, ಮುಚ್ಚಳ ಸಹಿತ ತಗೀಲಾರದ ತಿರುಗಿ ಬಂತು. ಒಯ್ದಿದ್ದ ನಮ್ಮ ಭಾವನ ಮಗ ಅದನ್ನ ಅಡಿಗಿಮನಿ ಕಟ್ಟಿ ಮ್ಯಾಲ ಇಟ್ಟು, ನನ್ನ ಮಾರಿ ನೋಡಲಾರದ, "ಚಾಚಿ, ಅವ್ರು ಇಂಥಾದ್ದೆಲ್ಲಾ ತಿನ್ನಂಗಿಲ್ಲಂತ. ಬಿದತ್ ಅಂತ" ಅಂದ.

ಓದೋರೊಳಗ ಬ್ಯಾರೆ ಮಂದಿನೂ ಇರ್ತೀರಿ, ಅದಕ್ಕ ಬಿಡಿಸಿ ಹೇಳ್ತೀನಿ. ಬಿದತ್ ಅಂದ್ರ ಪೈಗಂಬರರ ಕಾಲದಾಗ ಇರಲಾರದ್ದನ್ನ ದೀನಿನೊಳಗ ಹೊಸದಾಗಿ ತಂದು ಸೇರಿಸೋದು. ಅಂಥಾ ಪ್ರತಿಯೊಂದೂ ದಾರಿ ತಪ್ಪಿಸೋದು ಅಂತ ಹದೀಸಿನ್ಯಾಗ ಐತಿ. ಹಿಂಗಾಗಿ ಇದು ಸಣ್ಣ ಮಾತಲ್ಲ. ಒಬ್ಬಾಕಿಗೆ ನಿನ್ನ ಅಡಿಗಿ ಬಿದತ್ ಅಂದ್ರ, ನಿನಗ ಅದನ್ನ ಕಲಿಸಿದ ನಿಮ್ಮವ್ವ, ಆಕಿಗೆ ಕಲಿಸಿದ ಅವರವ್ವ ಎಲ್ಲಾರೂ ದಾರಿ ತಪ್ಪಿದವರು ಅಂದಂಗ. ಚೊಂಗೆ ಒತ್ತೋ ಗೆರಿ ಮಣಿ ನನಗ ನಮ್ಮಮ್ಮ ಕೊಟ್ಟದ್ದು. ಗೋದಿ ಹಿಟ್ಟು ಬಿರುಸು ನಾದಿ, ಆ ಮಣಿ ಮ್ಯಾಲ ಒತ್ತಿ, ತವಾದಾಗ ತುಪ್ಪ ಬಿಟ್ಟು ಬೇಯಿಸಿ, ಮ್ಯಾಲ ಬೆಲ್ಲ, ಪುಟಾಣಿ ಹಿಟ್ಟು, ಒಣಕೊಬ್ಬರಿ, ಗಸಗಸಿ ಉದುರಸ್ತೀವಿ. ಹಸನ್ ಹುಸೇನರ ಹೆಸರಿಲೆ ಫಾತಿಹಾ ಓದಿ ಹಂಚೋದು. ಅಷ್ಟ.

ಸಂಜಿಕ್ಕ ಫೋನ್ ಹಚ್ಚಿದೆ. ಅಳಿಯ ಒಳ್ಳೆ ಹುಡುಗ, ದನಿ ಏರಿಸಂಗಿಲ್ಲ. "ಅಮ್ಮೀ, ಇಸ್ಲಾಮಿನ್ಯಾಗ ಹಬ್ಬ ಎರಡ. ಮದೀನಾದಾಗ ಮಂದಿ ಆಡಿ ನಲಿಯೋ ಎರಡು ದಿನ ಇದ್ವು, ಅವನ್ನ ತಗದು ಅಲ್ಲಾಹ ರಂಜಾನ್ ಈದ್, ಬಕ್ರೀದ್ ಕೊಟ್ಟಾನು ಅಂತ ಹುಜೂರರ ಹೇಳ್ಯಾರ. ಆಶೂರಾ ದಿನ ರೋಜಾ ಹಿಡೀರಿ, ಅದು ಸುನ್ನತ್. ಚೊಂಗೆ ಎಲ್ಲಿಂದ ಬಂತು? ಮಿಲಾದ್ ಎಲ್ಲಿಂದ ಬಂತು? ಅವರ ಮ್ಯಾಲ ನಮಗಿಂತ ಪ್ರೀತಿ ಸಹಾಬಿಗಳಿಗೆ ಇತ್ತು, ಅವ್ರು ಯಾರೂ ಮಿಲಾದ್ ಮಾಡಲಿಲ್ಲ" ಅಂದ.

ಮಾತು ಸುಳ್ಳಲ್ಲ. ಹಿಂಗ ಎದುರಿಗೆ ಇಟ್ರ ಯಾರೂ ಸುಮ್ನ ಆಗಬೇಕು. ನಾನೂ ಸುಮ್ನಾದೆ. ಆದ್ರ ರಾತ್ರಿ ನಿದ್ದಿ ಹತ್ತಲಿಲ್ಲ. ನಾ ಪಿಯುಸಿ ತನಕಾ ಓದಿದಾಕಿ, ಅರಬ್ಬಿ ಓದಾಕ ಬರ್ತೈತಿ, ಅರ್ಥ ಆಗಂಗಿಲ್ಲ. ಅದಕ್ಕ ನಮ್ಮ ಅಬ್ಬಾನ ಪೆಟ್ಟಿಗ್ಯಾಗಿನ ಉರ್ದು, ಕನ್ನಡ ಪುಸ್ತಕ ತಗದು ತಿಂಗಳಾನುಗಟ್ಲೆ ಓದಿದೆ.

ಏನ್ ಸಿಕ್ತು ಅಂದ್ರ, ಸಹಾಬಿಗಳ ಎದುರಿಗೇ ಈ ಪ್ರಶ್ನಿ ಬಂದಿತ್ತು. ಯಮಾಮಾ ಯುದ್ಧದಾಗ ಕುರಾನ್ ಬಾಯಿಪಾಠ ಇದ್ದ ಭಾಳ ಮಂದಿ ಹೋಗಿಬಿಟ್ರು. ಎಲ್ಲಾ ಒಂದು ಕಡೆ ಬರೆದು ಕೂಡಿಸೋಣು ಅಂತ ಹಜರತ್ ಉಮರ್ ಅಂದಾಗ, ಹುಜೂರರು ಮಾಡಲಾರದ ಕೆಲಸ ನಾವು ಹೆಂಗ ಮಾಡೋದು ಅಂತ ಹಜರತ್ ಅಬೂಬಕರ್ ಹಿಂದ ಸರದ್ರಂತ. ಆಮ್ಯಾಲ ಒಪ್ಪಿದ್ರು. ಇವತ್ತು ನಮ್ಮ ಕೈಯಾಗಿನ ಕುರಾನಿನ ಪುಸ್ತಕ ಆ ಒಪ್ಪಿಗಿಯಿಂದ ಬಂದದ್ದು. ರಂಜಾನಿನ ತರಾವೀಹ್ ಎಲ್ಲಾರೂ ಒಬ್ಬ ಇಮಾಮನ ಹಿಂದ ನಿಂತು ಓದೋದನ್ನ ನೋಡಿ, ಇದು ಒಳ್ಳೆ ಬಿದತ್ ಅಂತ ಹಜರತ್ ಉಮರ್ ಅವರ ಅಂದಾರ, ಬುಖಾರಿಯಾಗ ಐತಿ. ಶುಕ್ರವಾರದ ಇನ್ನೊಂದು ಅಜಾನ್ ಹಜರತ್ ಉಸ್ಮಾನ್ ಸೇರಿಸಿದ್ದು. ಇಮಾಮ್ ಶಾಫಿ ಹೊಸದರೊಳಗ ಎರಡು ತರ ಅಂದ್ರು: ಕುರಾನ್ ಸುನ್ನತ್ತಿಗೆ ಅಡ್ಡ ಬರೋದು ಒಂದು, ಬರಲಾರದ್ದು ಒಂದು. ಇಲ್ಲ, ಉಮರ್ ಅಂದದ್ದು ಬರೇ ಮಾತಿನ ಬಿದತ್, ದೀನಿನ ಬಿದತ್ ಅಲ್ಲ ಅಂತ ಇನ್ನೊಂದು ಕಡಿಯವರು ವಾದ ಮಾಡ್ತಾರ. ಅದನ್ನೂ ಓದಿದೆ.

ಮಿಲಾದಿಂದೂ ಹಂಗ. ಇರಾಕಿನ ಇರ್ಬಿಲ್ ಊರಿನ ದೊರಿ ಮುಜಫ್ಫರುದ್ದೀನ್, 1233ರಾಗ ತೀರಿಕೊಂಡಾವ, ಭಾರಿ ದೊಡ್ಡದಾಗಿ ಮಿಲಾದ್ ಮಾಡತಿದ್ದ. ಇಮಾಮ್ ಸುಯೂತಿ ಮಿಲಾದ್ ಮಾಡಬಹುದು ಅಂತ ಒಂದು ಪುಸ್ತಕನ ಬರದಾರ. ಬ್ಯಾಡ ಅನ್ನೋರು ಮುಂದ ಇಡೋ ದೊಡ್ಡ ಹೆಸರು ಇಬ್ನ ತೈಮಿಯಾ. ಅವರೂ ಇದು ಹಿಂದಿನವರು ಮಾಡಿದ್ದಲ್ಲ ಅಂತ ಹೇಳಿ, ಆದ್ರೂ ಪ್ರೀತಿ, ಗೌರವದಿಂದ ಮಾಡಿದವರಿಗೆ ಅವರ ನಿಯತ್ತಿನ ಪುಣ್ಯ ಸಿಗಬಹುದು ಅಂದಾರ. ಸೋಮವಾರ ಯಾಕ ರೋಜಾ ಹಿಡೀತೀರಿ ಅಂತ ಕೇಳಿದ್ದಕ್ಕ, ಅದು ನಾ ಹುಟ್ಟಿದ ದಿನ ಅಂತ ಹುಜೂರರ ಹೇಳಿದ್ದೂ ಹದೀಸಿನ್ಯಾಗ ಐತಿ. ಹಿಂಗ ನೂರಾರು ವರ್ಷ ಓದಿ ತಿಳದವರ ನಡುವ ಮುಗೀಲಾರದ ವಾದ, ಮೊಬೈಲಿನ್ಯಾಗ ಐದು ನಿಮಿಷದ ಬಯಾನ್ ಕೇಳಿ ನನ್ನ ತವಾದ ಮುಂದ ಮುಗದ ಹೋತೇನ್ರಿ?

ನನ್ನ ಸಿಟ್ಟು ಬ್ಯಾರೆ ಕಡೆ ಐತಿ. ಈ ಬಿದತ್ ಹುಡುಕೋರು ಯಾವಾಗ್ಲೂ ಹೆಂಗಸರ ಕಡೇನ ಯಾಕ ಬರ್ತಾರ? ಚೊಂಗೆ, ಮಲೀದಾ, ಫಾತಿಹಾದ ತಾಟು, ಹೆಂಗಸರ ಮಿಲಾದ್. ನಮ್ಮ ಓಣಿಯಾಗ ರಬೀಉಲ್ ಅವ್ವಲ್ ತಿಂಗಳು ಬಂದ್ರ ಒಬ್ರ ಮನಿಯಾಗ ಇಪ್ಪತ್ತು ಮೂವತ್ತು ಹೆಂಗಸರು ಕೂಡ್ತೀವಿ. ದರೂದ್ ಓದ್ತೀವಿ, ನಾತ್ ಹೇಳ್ತೀವಿ, ಹುಜೂರರ ಜೀವನ ಒಬ್ಬಾಕಿ ಓದಿ ಹೇಳ್ತಾಳ, ಶರಬತ್ತು, ಶೀರಾ ತಿಂದು ಮನಿಗೆ ಹೋಗ್ತೀವಿ. ವರ್ಷದಾಗ ನಾವು ದೀನಿನ ಸಲುವಾಗಿ ಒಟ್ಟಿಗೆ ಕೂಡೋದು ಅದೊಂದ. ಮಸೂತಿಗೆ ಹೋಗೋಣಂದ್ರ ನಮ್ಮೂರ ಮಸೂತಿಯಾಗ ಹೆಂಗಸರಿಗೆ ಜಾಗಾನ ಇಲ್ಲ. ಹುಜೂರರ ಕಾಲದಾಗ ಹೆಂಗಸರು ಮಸೂತಿಗೆ ಹೋಗತಿದ್ರು, ಅವರನ್ನ ತಡೀಬ್ಯಾಡ್ರಿ ಅಂತ ಹದೀಸ್ ಐತಿ. ಬಾಗಿಲಾ ಮುಚ್ಚಿದ್ದು ಆಮ್ಯಾಲಿನವರು. ಇದು ಹೊಸದಲ್ಲೇನು? ಇದಕ್ಕ ಬಿದತ್ ಅಂದವರನ್ನ ನಾ ಇನ್ನೂ ನೋಡಿಲ್ಲ.

ಇನ್ನ ಮದುವಿ ಮಾತು. ಹೋದ ವರ್ಷ ಮಗಳ ನಿಕಾಹ್ ಆತು. ನಾವೇನೂ ಕೇಳಂಗಿಲ್ಲ ಅಂದ್ರು ಬೀಗರು. ಮುಂದ ಒಂದೊಂದ ಮಾತು ಬಂತು. ಹುಡುಗ ಕೆಲಸಕ್ಕ ದೂರ ಹೋಗ್ತಾನ, ಗಾಡಿ ಇದ್ರ ಚೊಲೊ. ಮನಿ ಸಣ್ಣದು, ಕಪಾಟು ಇಂಥಾ ಅಳತಿದ ಇರಲಿ. ನಮ್ಮ ಕಡೆ ಮಂದಿ ಭಾಳ, ಊಟ ಶಾದಿಮಹಲ್‌ನ್ಯಾಗ ಇಟ್ಟುಕೊಳ್ರಿ. ನಮ್ಮವರು ಹೊಲದ ಮ್ಯಾಲ ಸಾಲ ತಗದ್ರು. ಸೂರೆ ನಿಸಾದ ಸುರುವಿನ್ಯಾಗ ಹೆಂಗಸರಿಗೆ ಅವರ ಮಹರ್ ಖುಷಿಲೇ ಕೊಡ್ರಿ ಅಂತ ಐತಿ. ಕೊಡಬೇಕಾದಾವ ಗಂಡು. ಇಲ್ಲಿ ಪೂರಾ ತಿರುಗುಮುರುಗು. ಇದರಕಿಂತ ದೊಡ್ಡ ಹೊಸದು, ಇದರಕಿಂತ ಕುರಾನಿಗೆ ಅಡ್ಡ ಬರೋದು ಯಾವುದೈತಿ ಹೇಳ್ರಿ?

ಮಗಳ ಜೋಡಿ ಅವರ ಮನಿಯಿಂದ ಒಂದು ಪುಸ್ತಕಾನೂ ಬಂತು, ಬೆಹಿಶ್ತಿ ಜೇವರ್. ಮೌಲಾನಾ ಅಶ್ರಫ್ ಅಲಿ ಥಾನವಿ ಅವರು ಹೆಂಗಸರ ಸಲುವಾಗಿ ಬರದದ್ದು, ಭಾಳ ಮನಿಯಾಗ ಮದಲಗಿತ್ತಿಗೆ ಕೊಡ್ತಾರ. ಅದರಾಗ ರಸಮು ರಿವಾಜು ಬಿಡ್ರಿ ಅಂತ ಒಂದು ಭಾಗನ ಐತಿ, ನಮ್ಮ ಫಾತಿಹಾ, ಮೊಹರಮ್ ಪದ್ಧತಿ ಅವರಿಗೆ ಸೇರಂಗಿಲ್ಲ. ಇರಲಿ, ದೊಡ್ಡವರು. ಆದ್ರ ಅದ ಭಾಗದಾಗ ಮದುವಿ ಖರ್ಚು, ತೋರಿಕಿ, ಹೆಸರಿನ ಸಲುವಾಗಿ ಸಾಲ ಮಾಡೋದನ್ನೂ ಅಷ್ಟ ಖಾರವಾಗಿ ಬೈದಾರ. ಬೀಗರು ಚೊಂಗೆಯ ಪುಟ ತಗದು ತೋರಿಸಿದ್ರು, ಮದುವಿ ಪುಟ ಅವರ ಕಣ್ಣಿಗೆ ಬಿದ್ದಿಲ್ಲ.

ಹಂಗಂತ ನಾ ಎಲ್ಲಾದಕ್ಕೂ ಹೂಂ ಅನ್ನಾಕಿ ಅಲ್ಲ. ಮಿಲಾದ್ ಮೆರವಣಿಗಿಯಾಗ ಡಿಜೆ ಹಚ್ಚಿ, ಬೈಕಿನ ಸೈಲೆನ್ಸರ್ ಕಿತ್ತು, ದವಾಖಾನಿ ಮುಂದ ಹೊಯ್ಕೋತ ಹೋಗೋ ಹುಡುಗರಿಗೆ ಎರಡು ಏಟು ಬಿಗೀಬೇಕು ಅನಸ್ತೈತಿ. ಪಂಜಾದ ಮುಂದ ನಿಂತು ಮಕ್ಕಳಾಗಲಿ ಅಂತ ಬೇಡೋದು ನನಗ ಬರಂಗಿಲ್ಲ, ಬೇಡೋದು ಅಲ್ಲಾಹನ ಹತ್ರನ. ಮೌಲ್ವಿಗಳು ಅದಕ್ಕ ಹೆದರೋದು ಖರೇನ. ಚೊಂಗೆ ಮಾಡಲಾರದಾಕಿ ಮುಸಲ್ಮಾನಳ ಅಲ್ಲ ಅಂತ ನಾ ಅಂದ್ರ, ಆವಾಗ ನಂದೂ ಬಿದತ್ತ. ಮಾಡಂಗಿಲ್ಲ ಅನ್ನೋ ಮನಿಗೆ ಒತ್ತಾಯ ಮಾಡಂಗಿಲ್ಲ.

ಆದ್ರ ಇನ್ನೊಂದೈತಿ. ನನ್ನ ತವರೂರಾಗ ನಮ್ಮವು ನಾಲ್ಕ ಮನಿ. ಮೊಹರಮ್ಮಿಗೆ ಫಕೀರ ಆಗೋರು, ಲಾಡಿ ಹಾಕ್ಕೊಳ್ಳೋರು, ರಿವಾಯತ್ ಪದಾ ಹಾಡೋರು ಹೆಚ್ಚಿಗಿ ಹಿಂದೂಗಳ. ಮುಸಲ್ಮಾನರ ಮನಿ ಒಂದೂ ಇರಲಾರದ ಊರಾಗ ಸುದ್ದಾ ಪಂಜಾ ಕೂಡಸ್ತಾರ ನಮ್ಮ ಕಡೆ. ಬಾಜೂ ಮನಿ ಅಕ್ಕಾವ್ರು ಪಂಚಮಿಗೆ ಉಂಡಿ ಕಳಿಸ್ತಾರ, ನಾ ಆ ಡಬ್ಬಿ ಖಾಲಿ ಕೊಡಂಗಿಲ್ಲ. ಮೊಹರಮ್ಮಿಗೆ ಚೊಂಗೆ ಹೋಗ್ತೈತಿ. ನಾಳೆ ನಾ ಇದು ಬಿದತ್ ಅಂತ ಬಿಟ್ರ, ಮುಂದಿನ ಪಂಚಮಿಗೆ ಆ ಡಬ್ಬಿ ನಮ್ಮ ಮನಿ ದಾರಿ ಮರೀತೈತಿ. ಈಗಿನ ದಿನಮಾನದಾಗ ಅದು ಸಣ್ಣ ಲುಕ್ಸಾನ ಅಲ್ಲರಿ.

ತಿರುಗಿ ಬಂದ ಚೊಂಗೆ ಓಣಿ ಹುಡುಗರಿಗೆ ಹಂಚಿದೆ, ಅರ್ಧ ತಾಸಿನ್ಯಾಗ ಖಾಲಿ. ಮಗಳು ಹಿಂದಿನ ದಿನ ಫೋನಿನ್ಯಾಗ, "ಅಮ್ಮಾ, ಗಸಗಸಿ ಹೆಚ್ಚಿಗಿ ಹಾಕು" ಅಂತ ಹೇಳಿದ್ಲು. ಡಬ್ಬಿ ತಿರುಗಿ ಹೋದದ್ದು ಆಕಿಗೆ ಮರುದಿನ ತನಕಾ ಗೊತ್ತ ಇರಲಿಲ್ಲಂತ.

ಈ ಸಲ ಹೆಂಗಸರ ಮಿಲಾದ್ ನಮ್ಮ ಮನಿಯಾಗ. ಬೀಗ್ತಿಯವರಿಗೆ ನಾನ ಫೋನ್ ಹಚ್ಚಿ ಕರದೀನಿ. ಶರಬತ್ತು ಬ್ಯಾಡಂದ್ರ ಬ್ಯಾಡ, ದರೂದ್ ಕೇಳಾಕರ ಬರ್ರಿ, ನಿಮ್ಮ ಸೊಸಿನ್ನ ಕರಕೊಂಡು ಬರ್ರಿ ಅಂದೀನಿ. ನೋಡೋಣು ಅಂದಾರ. ಬಸ್ಸಿಗೆ ತ್ರಾಸ ಆಗ್ತೈತಿ ಅಂದ್ರು. ಗಾಡಿ ಮ್ಯಾಲ ಬರ್ರಿ, ಅದರ ಸಾಲದ ಕಂತು ನಾವು ಇನ್ನೂ ತುಂಬಾಕತ್ತೀವಿ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಇಲ್ಲಿ ಬರದೀನಿ.