ಕೆಮ್ಮಿದವರೆಲ್ಲ ಕ್ಷಯರೋಗಿಗಳಲ್ಲ

ಹೋಟೆಲಿನಲ್ಲಿ ದುಡಿಯುವವನಿಗೆ ಕೆಮ್ಮು ಬರುವುದೇ ಒಂದು ಅಪರಾಧವೆಂಬಂತಾಗಿದೆ. ಗಿರಾಕಿಯ ಮುಂದೆ ಎರಡು ಸಲ ಕೆಮ್ಮಿದರೆ ಸಪ್ಲೈ ಬಿಡಿಸಿ ಪಾತ್ರೆ ತೊಳೆಯುವ ಕಡೆಗೆ ಕಳುಹಿಸುತ್ತಾರೆ. ಅಲ್ಲಿಯೂ ಕೆಮ್ಮು ನಿಲ್ಲದಿದ್ದರೆ ಲೆಕ್ಕ ಚುಕ್ತಾ ಮಾಡಿ, ಬಸ್ಸಿನ ದುಡ್ಡು ಕೈಗಿಟ್ಟು, ಊರಿಗೆ ಹೋಗಿ ಗುಣ ಮಾಡಿಕೊಂಡು ಬಾ ಎನ್ನುತ್ತಾರೆ. ಎಕ್ಸರೆಯಲ್ಲಿ ನೆರಳು ಕಂಡಿತೆಂದರೆ ಕ್ಷಯವೆಂದು ಧಣಿಯೇ ತೀರ್ಪು ಕೊಟ್ಟುಬಿಡುತ್ತಾನೆ. ಆಮೇಲೆ ಊರಿನಲ್ಲಿ ತಂಗಿಯ ಮದುವೆಯ ಮಾತೂ ನಿಲ್ಲುತ್ತದೆ.

ಹೀಗೆ ಕ್ಷಯದ ಹಣೆಪಟ್ಟಿ ಹೊತ್ತವರಲ್ಲಿ ಕೆಲವರಿಗೆ ಕ್ಷಯವೇ ಇಲ್ಲದಿರಬಹುದು. ಮೂರು ವಾರದ ಮಾತ್ರೆಯಲ್ಲಿ ವಾಸಿಯಾಗುವ ಬೇರೊಂದು ಕಾಯಿಲೆ ಇರಬಹುದು. ಆ ಕಾಯಿಲೆಯ ಮೂಲ ಒಂದು ಹುಳು. ಅದನ್ನು ಕುರಿತು ನಮ್ಮ ಬಂಧುಗಳು ತಿಳಿದಿರಲೇಬೇಕೆಂದು ಈ ಸಲದ ಸಂಪಾದಕೀಯವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮ ಓದುಗರಲ್ಲಿ ಅನೇಕರು ವಿಜಯವಾಡ, ವಿಶಾಖಪಟ್ಟಣಗಳ ಉಡುಪಿ ಹೋಟೆಲುಗಳಲ್ಲಿ ದುಡಿದು ಈ ನಗರಕ್ಕೆ ಬಂದವರು. ಇನ್ನೂ ಅನೇಕರ ಅಣ್ಣತಮ್ಮಂದಿರು ಅಲ್ಲಿಯೇ ಇದ್ದಾರೆ. ಆ ಎರಡೂ ಊರುಗಳು ಇರುವ ಆಂಧ್ರದ ಕರಾವಳಿ ಬಹುಕಾಲದಿಂದ ಆನೆಕಾಲು ರೋಗದ ಸೀಮೆ. ತೆಲುಗರು ಇದನ್ನು ಬೋದಕಾಲು ಎನ್ನುತ್ತಾರೆ. ಹೊಟ್ಟೆಯ ಜಂತುಹುಳುವಿನ ಕುಲಕ್ಕೇ ಸೇರಿದ, ನೂಲಿನಂತೆ ತೆಳ್ಳಗಿರುವ ದುಂಡುಹುಳು ಇದಕ್ಕೆ ಕಾರಣ. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ರಾತ್ರಿ ಕಚ್ಚಿ ಇದನ್ನು ಒಬ್ಬರಿಂದೊಬ್ಬರಿಗೆ ಸಾಗಿಸುತ್ತದೆ. ವಿಜಯವಾಡದ ನಡುವೆ ಹರಿಯುವ ಏಲೂರು, ಬಂದರು, ರೈವ್ಸ್ ಕಾಲುವೆಗಳನ್ನು ಕಂಡವರಿಗೂ, ವಿಶಾಖಪಟ್ಟಣದಲ್ಲಿ ಗೆಡ್ಡ ಎಂದು ಕರೆಯುವ ತೆರೆದ ತೊರೆಗಳ ಪಕ್ಕದಲ್ಲಿ ಮಲಗಿದವರಿಗೂ ಸೊಳ್ಳೆಯ ವಿಷಯ ನಾವು ಹೇಳಬೇಕಾದ್ದಿಲ್ಲ.

ಈ ಹುಳು ಹೊಕ್ಕವರೆಲ್ಲರ ಕಾಲೂ ಬಾಯುವುದಿಲ್ಲ. ಅನೇಕರಿಗೆ ಏನೂ ಆಗುವುದಿಲ್ಲ. ಆದರೆ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿ ಅದು ಬೇರೆಯೇ ರೂಪ ತಾಳುತ್ತದೆ. ಹುಳುವಿನ ಮರಿಗಳು ರಕ್ತದೊಡನೆ ಶ್ವಾಸಕೋಶಕ್ಕೆ ಹೋದಾಗ ದೇಹ ಅವುಗಳ ಮೇಲೆ ಮಿತಿಮೀರಿ ಯುದ್ಧ ಹೂಡುತ್ತದೆ. ಮರಿಗಳು ಸಾಯುತ್ತವೆ, ಆದರೆ ಆ ಯುದ್ಧದಲ್ಲಿ ಎದೆಯೂ ಕೆಡುತ್ತದೆ. ರಾತ್ರಿಯಲ್ಲಿ ಒಣಕೆಮ್ಮು, ಉಬ್ಬಸ, ಏದುಸಿರು, ಸಣ್ಣ ಜ್ವರ, ಮೈ ಇಳಿಯುವುದು, ಇವು ಅದರ ಗುರುತುಗಳು. ಹದಿನೈದರಿಂದ ನಲವತ್ತರ ಪ್ರಾಯದವರಲ್ಲಿ, ಅದರಲ್ಲೂ ಗಂಡಸರಲ್ಲಿ, ಇದು ಹೆಚ್ಚು. ನಮ್ಮ ಹೋಟೆಲು ಮಾಣಿಗಳ, ಭಟ್ಟರ ಪ್ರಾಯವೂ ಅದೇ ಅಲ್ಲವೆ?

ಇದನ್ನು ಕ್ಷಯವೆಂದು ತಿಳಿಯುವ ತಪ್ಪು ಇಂದಿನದಲ್ಲ. ಆಂಧ್ರದ ಮದನಪಲ್ಲಿಯ ಬಳಿ ಆರೋಗ್ಯವರಂ ಎಂಬಲ್ಲಿ ಹೆಸರಾದ ಕ್ಷಯ ಚಿಕಿತ್ಸಾಲಯವಿತ್ತು. ಅಲ್ಲಿ ಕ್ಷಯದಂತೆಯೇ ಕಾಣುವ, ಆದರೆ ಕ್ಷಯವಲ್ಲದ ರೋಗವೊಂದನ್ನು ಫ್ರಿಮೊಟ್ ಮೋಲರ್ ಮತ್ತು ಬಾರ್ಟನ್ ಎಂಬ ವೈದ್ಯರು 1940ರಲ್ಲಿ ಬರೆದು ತಿಳಿಸಿದರು. ಆ ರೋಗಿಗಳ ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿಯ ಕಣ ವಿಪರೀತ ಹೆಚ್ಚಿತ್ತು. 1943ರಲ್ಲಿ ವೈನ್‌ಗಾರ್ಟನ್ ಎಂಬ ವೈದ್ಯರು ಭಾರತದಲ್ಲಿ ತಾವು ಕಂಡ 81 ರೋಗಿಗಳ ವಿಷಯ ಬರೆದು ಅದಕ್ಕೆ ಉಷ್ಣವಲಯದ ಇಯೋಸಿನೋಫೀಲಿಯಾ ಎಂದು ಹೆಸರಿಟ್ಟರು. 1960ರಲ್ಲಿ ವೆಲ್ಲೂರಿನ ವೆಬ್, ಜಾಬ್, ಗಾಲ್ಟ್ ಎಂಬ ಮೂವರು ವೈದ್ಯರು ಇಂಥ ರೋಗಿಗಳ ಶ್ವಾಸಕೋಶದ ತುಣುಕಿನಲ್ಲಿಯೇ ಹುಳುವಿನ ಮರಿಗಳನ್ನು ತೋರಿಸಿಕೊಟ್ಟರು. ಎದುರಾಳಿ ಯಾರೆಂದು ಆಗ ಖಚಿತವಾಯಿತು.

ಹಾಗಾದರೆ ಇಂದಿಗೂ ಇದು ತಪ್ಪಿಸಿಕೊಳ್ಳುವುದೇಕೆ? ಆನೆಕಾಲಿನ ಹುಳುವನ್ನು ಹುಡುಕಲು ರಾತ್ರಿ ಹತ್ತರಿಂದ ಎರಡರೊಳಗೆ ರಕ್ತ ತೆಗೆಯುವ ಪದ್ಧತಿ ಇದೆ. ಮರಿಗಳು ರಕ್ತದ ಹೊರನಾಳಗಳಿಗೆ ಬರುವುದು ಆ ಹೊತ್ತಿನಲ್ಲಿ. ಆದರೆ ಈ ಎದೆಯ ರೋಗದಲ್ಲಿ ಮರಿಗಳು ಶ್ವಾಸಕೋಶದಲ್ಲಿಯೇ ಸತ್ತುಹೋಗುವುದರಿಂದ ರಾತ್ರಿಯ ರಕ್ತದಲ್ಲಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಎಕ್ಸರೆಯಲ್ಲಿ ಕಾಣುವ ಸಣ್ಣ ಸಣ್ಣ ಚುಕ್ಕೆಗಳು ಕ್ಷಯದ ಚುಕ್ಕೆಗಳಂತೆಯೇ ಇರುತ್ತವೆ. ಕೆಲವರಲ್ಲಿ ಎಕ್ಸರೆ ಚೊಕ್ಕವಾಗಿಯೇ ಇರುತ್ತದೆ. ಆಗ ಉಬ್ಬಸವೆಂದು ಹೇಳಿ ಕಳುಹಿಸುತ್ತಾರೆ. ನಮ್ಮ ಗಿರಣಿ ಬಂಧುಗಳಿಗಾದರೆ ಹತ್ತಿಯ ಧೂಳಿನ ಮೇಲೆ ದೂರು ಹೊರಿಸಿ ಮುಗಿಸುತ್ತಾರೆ. ಧೂಳಿನ ಕಾಯಿಲೆ ಸುಳ್ಳಲ್ಲ. ಆದರೆ ಅದು ಮೊದಮೊದಲು ರಜೆ ಮುಗಿಸಿ ಕೆಲಸಕ್ಕೆ ಹೋದ ದಿನ ಎದೆ ಹಿಡಿಯುತ್ತದೆ. ಇದು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ.

ದಾರಿ ತೋರಿಸುವುದು ಒಂದು ಸಾಮಾನ್ಯ ರಕ್ತಪರೀಕ್ಷೆ. ಇಯೋಸಿನೋಫಿಲ್ ಕಣಗಳು ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಐನೂರರ ಒಳಗಿರಬೇಕು. ಈ ರೋಗದಲ್ಲಿ ಮೂರು ಸಾವಿರ ದಾಟುತ್ತವೆ. ಅದರ ಜೊತೆಗೆ ಐ.ಜಿ.ಇ. ಎಂಬ ಪರೀಕ್ಷೆಯನ್ನೂ, ಹುಳುವಿನ ವಿರುದ್ಧ ರಕ್ತದಲ್ಲಿ ಹುಟ್ಟುವ ಅಂಶದ ಪರೀಕ್ಷೆಯನ್ನೂ ವೈದ್ಯರು ಮಾಡಿಸುತ್ತಾರೆ. ರೋಗ ಖಚಿತವಾದರೆ ಡಿ.ಇ.ಸಿ. ಎಂಬ ಮಾತ್ರೆಯನ್ನು ತೂಕ ನೋಡಿ ಸುಮಾರು ಮೂರು ವಾರ ಕೊಡುತ್ತಾರೆ. ಬಹುಮಂದಿಗೆ ಕೆಲವೇ ದಿನಗಳಲ್ಲಿ ಕೆಮ್ಮು ತಗ್ಗುತ್ತದೆ. ಕೆಲವರಿಗೆ ಮರುಕಳಿಸುವುದುಂಟು, ಆಗ ಮತ್ತೊಮ್ಮೆ ಕೊಡುತ್ತಾರೆ. ಅಲಕ್ಷ್ಯ ಮಾಡಿದರೆ ಮಾತ್ರ ಶ್ವಾಸಕೋಶ ಗಟ್ಟಿಯಾಗಿ, ಬಾಳಿನುದ್ದಕ್ಕೂ ಏದುಸಿರು ಉಳಿಯುತ್ತದೆ.

ಇಲ್ಲಿ ಎರಡು ಎಚ್ಚರಿಕೆಯ ಮಾತು. ಮೊದಲನೆಯದು: ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆಯೇ ಮೊದಲು. ನಮ್ಮ ಬರಹ ಓದಿ, ಇದು ಹುಳುವಿನ ಕೆಮ್ಮು ಎಂದು ಯಾರೂ ತಾವೇ ನಿರ್ಧರಿಸಬಾರದು. ಕ್ಷಯವೇ ಆಗಿದ್ದರೂ ಹೆದರಬೇಕಾದ್ದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ, ಬಿಡದೆ ತೆಗೆದುಕೊಂಡರೆ ಗುಣ ಖಂಡಿತ. ಎರಡನೆಯದು: ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಮಾತ್ರೆ ನುಂಗುವ ಚಾಳಿ ಬಿಡಬೇಕು. ಕೆಮ್ಮು ಎರಡು ದಿನ ಅಡಗುತ್ತದೆ, ನಿಜ. ಆದರೆ ಬರಿಗಾಲಿನಲ್ಲಿ ಹೊಲಸು ಮಣ್ಣು ತುಳಿದವರ ಚರ್ಮ ಕೊರೆದು ಒಳಹೊಕ್ಕು, ಕರುಳಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರುವ ಸ್ಟ್ರಾಂಜಿಲಾಯ್ಡಿಸ್ ಎಂಬ ಇನ್ನೊಂದು ದುಂಡುಹುಳು ಇದೆ. ಸ್ಟೀರಾಯ್ಡ್ ಬಿದ್ದರೆ ಅದು ಮೈಯೆಲ್ಲ ಹರಡಿ ಪ್ರಾಣ ತೆಗೆಯಬಲ್ಲದು. ಅದೂ ಇಯೋಸಿನೋಫಿಲ್ ಹೆಚ್ಚಿಸುತ್ತದೆ. ಒಂದು ದಿನದ ಮಲಪರೀಕ್ಷೆಯಲ್ಲಿ ಸಿಗದೆ ಹೋಗಬಹುದು. ಹಲವು ದಿನ ನೋಡಬೇಕಾಗುತ್ತದೆ.

ವೈದ್ಯರ ಮುಂದೆ ಹೇಳುವ ಮಾತಿನಲ್ಲಿಯೂ ತೊಡಕಿದೆ. ತೆಲುಗಿನಲ್ಲಿ ಆಯಾಸಂ ಎಂದರೆ ಏದುಸಿರು. ನಮ್ಮಲ್ಲಿ ಆಯಾಸವೆಂದರೆ ದಣಿವು. ಆಯಾಸಂ ಉಂದಾ ಎಂದು ವೈದ್ಯರು ಕೇಳಿದರೆ, ಹದಿನಾಲ್ಕು ಗಂಟೆ ದುಡಿದವನು ದಣಿವಿನ ಮಾತೆಂದು ತಿಳಿದು ತಲೆಯಾಡಿಸುತ್ತಾನೆ. ಇಲ್ಲವೆ, ಅದೇನು ಮಹಾ ಎಂದು ಇಲ್ಲವೆನ್ನುತ್ತಾನೆ. ಆದ್ದರಿಂದ ಬಿಡಿಸಿ ಹೇಳಬೇಕು. ರಾತ್ರಿಪೂಟ ದಗ್ಗು ಎಂದರೆ ರಾತ್ರಿಯ ಕೆಮ್ಮು. ಯಾವ ಹೊತ್ತಿಗೆ ಬರುತ್ತದೆ, ಎಷ್ಟು ದಿನದಿಂದ, ಯಾವ ಯಾವ ಊರಿನಲ್ಲಿ ಎಷ್ಟು ವರ್ಷ ಇದ್ದೆ, ಇವನ್ನೆಲ್ಲ ತಪ್ಪದೆ ಹೇಳಬೇಕು. ಈ ರೋಗ ಸೊಳ್ಳೆ ಕಚ್ಚಿ ಬಹಳ ಕಾಲದ ಮೇಲೆ, ಊರು ಬಿಟ್ಟ ನಂತರವೂ ತಲೆಯೆತ್ತಬಹುದು. ಈ ನಗರದ ವೈದ್ಯರಿಗೆ ಆಂಧ್ರದ ಕರಾವಳಿಯ ಹೆಸರು ಕೇಳದಿದ್ದರೆ ಹುಳುವಿನ ನೆನಪೇ ಆಗದಿರಬಹುದು.

ವಿಶಾಖಪಟ್ಟಣದಲ್ಲಿರುವವರಿಗೆ ಕಿಂಗ್ ಜಾರ್ಜ್ ಆಸ್ಪತ್ರೆಯಿದೆ, ಎದೆಯ ರೋಗಗಳಿಗೆಂದೇ ಬೇರೆ ಸರ್ಕಾರಿ ಆಸ್ಪತ್ರೆಯಿದೆ. ವಿಜಯವಾಡದಲ್ಲಿ ಸರ್ಕಾರದ ದೊಡ್ಡಾಸ್ಪತ್ರೆಯಿದೆ. ಇ.ಎಸ್.ಐ. ಚೀಟಿ ಇದ್ದವರು ಅದರ ಔಷಧಾಲಯದಲ್ಲಿಯೇ ತೋರಿಸಬಹುದು. ರಜೆಯ ದಿನಗಳಿಗೆ ಭತ್ಯೆಯೂ ಉಂಟು. ಆದರೆ ಇ.ಎಸ್.ಐ.ಗೆ ಹೆಸರನ್ನೇ ಕೊಡದ ಧಣಿಗಳೆಷ್ಟು! ಆನೆಕಾಲಿನ ಸೀಮೆಗಳಲ್ಲಿ ಸರ್ಕಾರ 2004ರಿಂದ ಮನೆಮನೆಗೂ ಮಾತ್ರೆ ಹಂಚಿದ್ದರಿಂದ ಹಲವು ಜಿಲ್ಲೆಗಳಲ್ಲಿ ರೋಗ ತಗ್ಗಿದೆ. ಆದರೆ ಮನೆಯೇ ಇಲ್ಲದೆ ಹೋಟೆಲಿನ ಅಟ್ಟದ ಮೇಲೆ ಮಲಗುವವನ ಬಾಗಿಲನ್ನು ತಟ್ಟುವವರು ಯಾರು?

ಧಣಿಗಳಿಗೆ ನಾವು ಹೇಳುವುದಿಷ್ಟೆ. ಕೆಮ್ಮುವವನಿಗೆ ಬಸ್ಸಿನ ದುಡ್ಡು ಕೊಡುವ ಮೊದಲು ರಕ್ತ ಮತ್ತು ಕಫದ ಪರೀಕ್ಷೆ ಮಾಡಿಸಿರಿ. ಪರೀಕ್ಷೆ ಮುಗಿದು ರೋಗ ಯಾವುದೆಂದು ತಿಳಿಯುವವರೆಗೆ ಅವನ ಜಾಗಕ್ಕೆ ಬೇರೆಯವನನ್ನು ತರಬೇಡಿರಿ. ಮಲಗುವ ಅಟ್ಟಕ್ಕೆ ಸೊಳ್ಳೆಪರದೆ ಕೊಡಿರಿ, ಹಿಂದಿನ ಮೋರಿ ಮುಚ್ಚಿಸಿರಿ. ಇದು ದಾನವಲ್ಲ, ನಿಮ್ಮ ಗಲ್ಲಾ ತುಂಬಿಸಿದ ಕೈಗಳಿಗೆ ಸಲ್ಲಬೇಕಾದ ಬಾಕಿ.

ಕಾರ್ಮಿಕ ಬಂಧುಗಳಿಗೆ ಹೇಳುವುದೂ ಇಷ್ಟೆ. ಕೆಮ್ಮನ್ನು ಮುಚ್ಚಿಡಬೇಡಿರಿ. ಪಕ್ಕದಲ್ಲಿ ಮಲಗಿದ ಹುಡುಗ ರಾತ್ರಿ ಎದ್ದು ಕೂತು ಕೆಮ್ಮುತ್ತಿದ್ದರೆ ಹಾಸಿಗೆ ದೂರ ಎಳೆದುಕೊಂಡು ಸುಮ್ಮನಾಗಬೇಡಿರಿ. ಮರುದಿನ ಒಂದು ಹೊತ್ತಿನ ಅವನ ಕೆಲಸ ನೀವು ಹಂಚಿಕೊಂಡು ಅವನನ್ನು ಆಸ್ಪತ್ರೆಗೆ ಕಳುಹಿಸಿರಿ. ಭಾಷೆ ಬಾರದಿದ್ದರೆ, ಜೊತೆಗೆ ಯಾರೂ ಇಲ್ಲದಿದ್ದರೆ, ಪರೀಕ್ಷೆಯ ಚೀಟಿಗಳನ್ನು ಹಿಡಿದು ಸಂಘದ ಕಚೇರಿಗೆ ಬರಲಿ. ಅವನ ಜೊತೆಗೆ ನಾವು ಹೋಗುತ್ತೇವೆ.