ಎಂಟು-ನಾಲ್ಕರ ಶೀಟಿನಲ್ಲಿ ಹಾಯಿದೋಣಿ

ಚನ್ನಪಟ್ಟಣದ ಯಾವ ಪ್ಲೈವುಡ್ ಅಂಗಡಿಗೆ ಹೋದರೂ ಎಂಟಡಿ ಉದ್ದ, ನಾಲ್ಕಡಿ ಅಗಲದ ಶೀಟು ಸಿಗುತ್ತದೆ. ಅದರಿಂದ ವಾರ್ಡ್‌ರೋಬ್ ಆಗುತ್ತದೆ, ಟಿವಿ ಸ್ಟ್ಯಾಂಡ್ ಆಗುತ್ತದೆ. ದೋಣಿಯೂ ಆಗುತ್ತದೆ ಎಂದರೆ ಗೆಳೆಯರು ನಗುತ್ತಾರೆ. ಆದರೆ ಜಗತ್ತಿನ ಎಷ್ಟೋ ಮಕ್ಕಳು ಮೊದಲು ಹತ್ತುವ ಹಾಯಿದೋಣಿ 'ಆಪ್ಟಿಮಿಸ್ಟ್' ಹುಟ್ಟಿದ್ದೇ ಈ ಶೀಟಿನಿಂದ. 1947ರಲ್ಲಿ ಫ್ಲಾರಿಡಾದ ಕ್ಲಾರ್ಕ್ ಮಿಲ್ಸ್ ಅದನ್ನು ವಿನ್ಯಾಸ ಮಾಡಿದಾಗ ಇದ್ದ ಷರತ್ತು, ಖರ್ಚು 50 ಡಾಲರ್ ದಾಟಬಾರದು ಎಂಬುದು. ಎಂಟಡಿಯೊಳಗೇ ಮುಗಿಯಬೇಕಲ್ಲ, ಹಾಗಾಗಿ ಅವರು ಮೂತಿಯನ್ನು ಚೂಪು ಮಾಡದೆ ಮೊಂಡಾಗಿಯೇ ಬಿಟ್ಟರು.

ಇಂಥವನ್ನು ಒನ್-ಡಿಸೈನ್ ದೋಣಿಗಳು ಎನ್ನುತ್ತಾರೆ. ಎಲ್ಲರದೂ ಒಂದೇ ಆಕಾರ, ಒಂದೇ ಹಾಯಿ. ದುಡ್ಡಿಗಿಂತ ಕೈಚಳಕ ಗೆಲ್ಲಲಿ ಎಂಬುದು ಉದ್ದೇಶ. ಈ ಸಮಾನತೆಯನ್ನು ಕಾಯಲು ಎರಡು ದಾರಿಗಳಿವೆ. ಯಾರೇ ಕಟ್ಟಲಿ, ಕೊನೆಗೆ ಅಳೆದು ಒಪ್ಪುವುದು ಒಂದು. ಪರವಾನಗಿ ಪಡೆದ ಕಾರ್ಖಾನೆ ಮಾತ್ರ ಕಟ್ಟುವುದು ಇನ್ನೊಂದು. 1971ರಲ್ಲಿ ಬಂದ ಫೈಬರ್‌ನ 'ಲೇಸರ್' ಎರಡನೇ ದಾರಿ ಹಿಡಿಯಿತು. ಅಲ್ಲಿ ಗುಣಮಟ್ಟವೂ ಬೆಲೆಯೂ ಕೆಲವೇ ಕಾರ್ಖಾನೆಗಳ ಕೈಯಲ್ಲಿ. 2019ರಲ್ಲಿ ತಯಾರಕರೊಬ್ಬರು ತಪಾಸಣೆಗೆ ಬಿಡಲಿಲ್ಲವೆಂದು ಲೇಸರ್ ಸಂಘವೇ ಜಗಳಕ್ಕೆ ನಿಂತು, ಕೊನೆಗೆ ಒಲಿಂಪಿಕ್ಸ್ ದೋಣಿಯ ಹೆಸರೇ ಐಎಲ್‌ಸಿಎ ಎಂದು ಬದಲಾಯಿತು.

ನನ್ನ ವೋಟು ಅಳೆದು ಒಪ್ಪುವ ದಾರಿಗೆ. ಗೊಂಬೆ ಕಟೆಯುವ ನಮ್ಮೂರಿಗೆ ಇದು ಹೊಸದೇನಲ್ಲ. ಒಂದೇ ಗಿಲಕಿಯನ್ನು ಹತ್ತು ಮನೆಗಳಲ್ಲಿ ಕಟೆದರೂ ಅಳತೆ ತಪ್ಪಿದರೆ ಮಾಲು ವಾಪಸ್ಸು!

1963ರಲ್ಲಿ ಬ್ರಿಟನ್ನಿನ ಒಂದು ಪತ್ರಿಕೆಯೇ (ಹೌದು, ದಿನಪತ್ರಿಕೆ) ಇಂಥ ಕೆಲಸಕ್ಕೆ ಕೈಹಾಕಿತ್ತು. ಡೈಲಿ ಮಿರರ್‌ನ 'ಮಿರರ್' ದೋಣಿಯ ಕಿಟ್‌ಗೆ 63 ಪೌಂಡ್ 11 ಶಿಲಿಂಗ್. ಪ್ಲೈವುಡ್ ತುಂಡುಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಫೈಬರ್ ಪಟ್ಟಿಯನ್ನು ರೆಸಿನ್ ಹಚ್ಚಿ ಅಂಟಿಸಿದರೆ ದೋಣಿ ಸಿದ್ಧ. ಹೀಗೆ ತಯಾರಾದವು 70,000ಕ್ಕೂ ಹೆಚ್ಚು.

ನಮಗೆ 1946ರಲ್ಲಿ ಕಟ್ಟಿದ ಕಣ್ವ ಜಲಾಶಯವಿದೆ. ಹಾಯಿದೋಣಿ ನೋಡಬೇಕೆಂದರೆ ಮಾತ್ರ ಬೆಂಗಳೂರಿನ ಹಲಸೂರು ಕೆರೆಗೆ ಹೋಗಬೇಕು, ಅಲ್ಲಿರುವುದು ಸೇನೆಯವರದು. ಎಂಜಿನಿಯರಿಂಗ್ ವರ್ಕ್‌ಶಾಪ್‌ಗಳಲ್ಲಿ ಮರದ ಜಾಯಿಂಟ್ ಮಾಡಿ, ಮಾರ್ಕ್ಸ್ ತೆಗೆದುಕೊಂಡು, ಮೂಲೆಗೆಸೆಯುವ ಬದಲು ಒಂದು ಬ್ಯಾಚು ಒಂದು ದೋಣಿ ಕಟ್ಟಬಾರದೇಕೆ? ಅಧಿಕೃತ ಸ್ಪರ್ಧೆಗಾದರೆ ಆಯಾ ವರ್ಗದ ನಿಯಮಗಳನ್ನು ಪಾಲಿಸಬೇಕು, ಕಲಿಯುವುದಕ್ಕೆ ಅದು ಬೇಕಿಲ್ಲ.

ಅಗ್ಗ ಎಂದರೆ ಕಳಪೆಯಲ್ಲ. ಶೀಟಿನ ಮೇಲೆ ಐಎಸ್ 710 ಎಂಬ ಮುದ್ರೆ, ಅಂದರೆ ಮರೈನ್ ಪ್ಲೈ, ಇರಲೇಬೇಕು. ಕತ್ತರಿಸಿದ ಅಂಚಿಗೆ ಎಪಾಕ್ಸಿ ಕುಡಿಸಬೇಕು. ನೀರು ಮೊದಲು ನುಗ್ಗುವುದೇ ಅಲ್ಲಿಂದ. ಆಪ್ಟಿಮಿಸ್ಟ್‌ನ ಒಡಲಿಗೆ ನಿಗದಿಯಾದ ಕನಿಷ್ಠ ತೂಕ 35 ಕೆ.ಜಿ. ನೀರು ಕುಡಿದ ಪ್ಲೈ ಆ ತೂಕವನ್ನು ಸುಮ್ಮನೆ ಏರಿಸುತ್ತದೆ. ಫೈಬರ್ ದೋಣಿಗೆ ಆರೈಕೆ ಕಡಿಮೆ, ಒಪ್ಪುತ್ತೇನೆ. ಆದರೆ ಪ್ಲೈವುಡ್ ದೋಣಿ ಒಡೆದರೆ ಊರಿನ ಬಡಗಿಯೇ ತೇಪೆ ಹಾಕಬಲ್ಲ. ದುಡ್ಡು ಉಳಿಸಬಾರದ ಜಾಗಗಳು ಎರಡೇ: ಲೈಫ್ ಜಾಕೆಟ್ ಮತ್ತು ಹಾಯಿಯ ಬಟ್ಟೆ. ಟಾರ್ಪಾಲಿನ್ ಕಟ್ಟಿಕೊಂಡು ಗಾಳಿಗೆ ಎದುರಾಗಿ ದೋಣಿ ನಡೆಸಲು ಹೋದರೆ ದಡ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ.